ಹಳೇ ಲೆನ್ಸು ಮತ್ತು ಕೊಪ್ಪದ ಜೋಡಿ ಫೋಟೋ

ಲೆನ್ಸು ಮೂತಿಯ ಮೇಲೇ ಕೂತಿರುತ್ತದೆ, ಕ್ಯಾಮೆರಾ ಮಾತ್ರ ‘ಲೆನ್ಸ್ ಇಲ್ಲ’ ಎಂದು ಪರದೆಯಲ್ಲಿ ತೋರಿಸಿ ಕ್ಲಿಕ್ಕಾಗದೆ ಹಟ ಹಿಡಿಯುತ್ತದೆ. ಹಳೇ ಕಾಲದ ಲೆನ್ಸನ್ನು ಡಿಜಿಟಲ್ ಕ್ಯಾಮೆರಾಕ್ಕೆ ಹಾಕುವವರೆಲ್ಲ ಮೊದಲ ದಿನ ಅನುಭವಿಸುವ ಅವಮಾನ ಇದು. ಕ್ಯಾಮೆರಾದ ತಪ್ಪೂ ಇಲ್ಲ ಅನ್ನಿ. ಈಗಿನ ಲೆನ್ಸುಗಳು ಅದರ ಜೊತೆ ಮಾತಾಡುತ್ತವೆ, ನನ್ನವು ಮೂಕ. ಒಂದಿಷ್ಟು ಗಾಜು, ಲೋಹ, ಕೈಯಲ್ಲಿ ತಿರುಗಿಸುವ ಎರಡು ಬಳೆ, ಅಷ್ಟೆ. ಸೆಟ್ಟಿಂಗಿನೊಳಗೆಲ್ಲೋ ಹೋಗಿ, ಲೆನ್ಸ್ ಇಲ್ಲದಿದ್ದರೂ ಪರವಾಗಿಲ್ಲ ತೆಗಿಯಪ್ಪ ಎಂದು ಅದನ್ನು ಒಪ್ಪಿಸಬೇಕು. ಆಮೇಲೆ ಫೋಕಸ್ಸು, ಬೆಳಕು ಎಲ್ಲ ನಮ್ಮ ಹಣೆಬರಹ.

ಮದ್ದೂರಿನಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೋಗಳಿಗೆ ಹೊಸ ಲೆನ್ಸು; ಹೊಟ್ಟೆ ತುಂಬಿಸುವುದು ಅದೇ. ಹಳೆಯವು ಒಂದು ಮರದ ಪೆಟ್ಟಿಗೆಯಲ್ಲಿವೆ. ಮುಚ್ಚಿಹೋದ ಸ್ಟುಡಿಯೋಗಳಿಂದ, ಗುಜರಿ ಅಂಗಡಿಗಳಿಂದ, ರೀಲು ಕ್ಯಾಮೆರಾ ಮಾರಿ ಕೈತೊಳೆದುಕೊಂಡವರಿಂದ ಒಂದೊಂದಾಗಿ ಕೂಡಿಹಾಕಿದ್ದು. ಹೆಂಡತಿ ಆ ಪೆಟ್ಟಿಗೆಗೆ ‘ನಿಮ್ಮ ಎರಡನೇ ಸಂಸಾರ’ ಅನ್ನುತ್ತಾಳೆ. ಆದರೂ ಆಯುಧಪೂಜೆಯ ದಿನ ಒಂದನ್ನೂ ಬಿಡದೆ ಅರಿಶಿನ ಕುಂಕುಮ ಇಡುತ್ತಾಳೆ. ಗಾಜಿಗೆ ಬೇಡ ಕಣೇ ಅಂದರೆ, ದೇವರಿಗೆ ಹಣೆ ಬಿಟ್ಟು ಬೆನ್ನಿಗೆ ಇಡ್ತಾರಾ ಎಂದು ನನ್ನನ್ನೇ ಕೇಳುತ್ತಾಳೆ. ಮಾರನೇ ದಿನವೆಲ್ಲ ಬ್ರಷ್ಷು ಹಿಡಿದು ಫೋಕಸ್ ಬಳೆಯ ಸಂದಿಯಿಂದ ಕುಂಕುಮ ಕೆರೆಯುವುದು ನನ್ನ ಕೆಲಸ.

ಈ ಹುಚ್ಚು ಒಬ್ಬರ ಮನೆಗೆ ಬೇಕಾಗಿ ಬಂದೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬೇಸಗೆಯ ಒಂದು ಸಂಜೆ ಕೊಪ್ಪದವನೊಬ್ಬ ಸ್ಟುಡಿಯೋಕ್ಕೆ ಬಂದ. ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಕೆಲಸ, ಶಿಫ್ಟು ಮುಗಿಸಿ ಬೈಕಿನಲ್ಲಿ ನೇರ ಬಂದಿದ್ದ. ಟವೆಲಿನಲ್ಲಿ ಸುತ್ತಿ ತಂದ ಪಟವೊಂದನ್ನು ಮೇಜಿನ ಮೇಲೆ ಬಿಚ್ಚಿಟ್ಟ. ಕಪ್ಪು ಬಿಳುಪಿನ ಫೋಟೋ. ಎಣ್ಣೆ ಹಚ್ಚಿ ಬಾಚಿದ ಕೂದಲು, ಯಾರದೋ ಎರವಲು ಕೋಟು, ಮೂವತ್ತು ದಾಟದ ಯುವಕ. ಅದು ತನ್ನಪ್ಪ ಎಂದ. ಮಗ ಇನ್ನೂ ಶಾಲೆಗೆ ಸೇರುವ ಮೊದಲೇ ಜ್ವರ ಬಂದು ತೀರಿಕೊಂಡರಂತೆ. ಮಳವಳ್ಳಿಯ ಸ್ಟುಡಿಯೋ ಒಂದರಲ್ಲಿ ತೆಗೆಸಿದ ಇದೊಂದು ಬಿಟ್ಟರೆ ಅವರ ಇನ್ನೊಂದು ಫೋಟೋ ಇಲ್ಲ.

ವಿಷಯ ಇಷ್ಟು. ಹಳೇ ಹೆಂಚಿನ ಮನೆಯ ಪಕ್ಕದಲ್ಲಿ ಮಗ ಹೊಸ ಮನೆ ಕಟ್ಟಿಸಿದ್ದಾನೆ. ಗೃಹಪ್ರವೇಶ ಹತ್ತಿರ ಬಂದಿದೆ. ಅವ್ವ ಮಾತ್ರ ಹೊಸ ಮನೆಗೆ ಕಾಲಿಡುವುದಿಲ್ಲ ಎಂದು ಕೂತಿದ್ದಾರೆ. ಮದುವೆಯಾಗಿ ಬಂದಾಗ ಗಂಡ ಹೆಂಡತಿ ಒಟ್ಟಿಗೆ ಬಲಗಾಲಿಟ್ಟು ಆ ಹಳೇ ಮನೆ ಹೊಕ್ಕವರು. ಇದಕ್ಕೆ ನಾನೊಬ್ಬಳೇ ಯಾಕೆ ಹೋಗಲಿ ಅನ್ನುವುದು ಆಯಮ್ಮನ ವಾದ. ಇಬ್ಬರೂ ಇರುವ ಜೋಡಿ ಫೋಟೋ ಒಂದು ಮಾಡಿಸಿಕೊಡು, ಅದನ್ನು ಹಿಡಿದುಕೊಂಡು ಹೋಗ್ತೀನಿ, ಇಲ್ಲದಿದ್ದರೆ ಹಸುಗಳ ಜೊತೆ ಹಳೇ ಮನೆಯಲ್ಲೇ ಇರ್ತೀನಿ ಎಂದು ಮಗನಿಗೆ ಖಡಾಖಂಡಿತ ಹೇಳಿಬಿಟ್ಟಿದ್ದಾರೆ. ಜೋಡಿಯಾಗಿ ತೆಗೆಸಿದ ಫೋಟೋ ಯಾವತ್ತೂ ಇರಲೇ ಇಲ್ಲ.

ಮಗ ಸುಮ್ಮನೆ ಕೂತಿರಲಿಲ್ಲ. ಪೇಟೆಯ ಲ್ಯಾಬೊಂದರಲ್ಲಿ ಆಗಲೇ ಒಂದು ಮಾಡಿಸಿದ್ದ, ಅದನ್ನೂ ತೋರಿಸಿದ. ಅಪ್ಪನಿಗೆ ಬಣ್ಣ ಬಳಿದು, ಬ್ಯಾಂಕಿಗೆಂದು ತೆಗೆಸಿದ್ದ ಅವ್ವನ ಫೋಟೋವನ್ನು ಪಕ್ಕದಲ್ಲಿ ಕತ್ತರಿಸಿ ಕೂರಿಸಿ, ಆಯಮ್ಮನ ಹಣೆಗೆ ಕಂಪ್ಯೂಟರಿನಲ್ಲೇ ಕಾಸಿನಗಲ ಕುಂಕುಮ ಇಟ್ಟಿದ್ದರು. ಒಬ್ಬರ ಮುಖಕ್ಕೆ ಬೆಳಕು ಮೇಲಿನಿಂದ, ಇನ್ನೊಬ್ಬರಿಗೆ ಎದುರಿನಿಂದ. ಒಬ್ಬರು ಮೆತ್ತಗೆ, ಒಬ್ಬರು ಬ್ಲೇಡಿನಂತೆ ಚೂಪು. ಅವ್ವ ಅದನ್ನು ನೋಡಿ, ಇದು ಅಂಟ್ಸಿರೋದು, ಇದ್ರಲ್ಲಿ ನಾನಿಲ್ಲ ಎಂದು ಪಕ್ಕಕ್ಕೆ ಸರಿಸಿದರಂತೆ. ಆಮೇಲೆ ಯಾರೋ ನನ್ನ ಹೆಸರು ಹೇಳಿದ್ದಾರೆ, ಮದ್ದೂರಿನಲ್ಲೊಬ್ಬ ಹಳೇ ಗಾಜಿನಲ್ಲಿ ಫೋಟೋ ತೆಗೀತಾನೆ, ನೋಡಿದರೆ ತಾತನ ಕಾಲದ್ದು ಅನ್ನಿಸುತ್ತೆ ಅಂತ. ನಿಜ ಹೇಳಬೇಕೆಂದರೆ ನಾನು ಉಬ್ಬಿಹೋದೆ. ಅಪ್ಪನ ಫೋಟೋ ಹೇಗಿದೆಯೋ ಹಾಗೇ, ಅದೇ ಬೆಳಕು, ಅದೇ ಮೆದುವಿನಲ್ಲಿ ನಿಮ್ಮವ್ವನದೂ ತೆಗೆದು ಕೂಡಿಸಿಕೊಡ್ತೀನಿ ಎಂದು ಒಪ್ಪಿಕೊಂಡೆ.

ಮೊದಲು ಆ ಹಳೇ ಫೋಟೋವನ್ನು ಭೂತಗನ್ನಡಿ ಹಿಡಿದು ನೋಡಿದೆ. ಎರಡೂ ಕಣ್ಣಿನ ಗುಡ್ಡೆಯಲ್ಲಿ, ಮೇಲ್ಭಾಗದಲ್ಲಿ, ಚಿಕ್ಕ ಚೌಕಾಕಾರದ ಬೆಳಕಿನ ಚುಕ್ಕೆ. ಅಂದರೆ ಫ್ಲ್ಯಾಶ್ ಅಲ್ಲ, ಬಲ್ಬೂ ಅಲ್ಲ, ಮೇಲೆಲ್ಲೋ ಕಿಂಡಿ. ಕ್ಯಾಮೆರಾ ಎದೆಮಟ್ಟದಲ್ಲಿ ನಿಂತಿದೆ. ಮುಖ ಸ್ಪಷ್ಟ, ಅಂಚಿಗೆ ಹೋದಂತೆಲ್ಲ ಎಲ್ಲ ಕರಗಿ ಹರಿದಂತಿದೆ. ಈ ಅಂಚಿನದೇ ನನಗೆ ಅರ್ಥವಾಗಲಿಲ್ಲ. ಸಾಧಾರಣ ಹಳೇ ಲೆನ್ಸು ಅಂಚಿನಲ್ಲಿ ಸ್ವಲ್ಪ ಮೆತ್ತಗಾಗುವುದುಂಟು, ಈ ಪಾಟಿ ಹರಿಯುವುದಿಲ್ಲ.

ಪಟದ ಹಿಂದೆ ಸ್ಟುಡಿಯೋದ ಮಾಸಿದ ಮೊಹರಿತ್ತು. ಅದನ್ನು ಹಿಡಿದುಕೊಂಡು ಮಳವಳ್ಳಿಗೆ ಹೋದೆ. ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಫೋಟೋದವರು ತೀರಿಕೊಂಡು ಬಹಳ ವರ್ಷವಾಗಿದೆ, ಸಾಮಾನು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಪಕ್ಕದ ಹೋಟೆಲಿನ ಹಿರಿಯರೊಬ್ಬರಿಗೆ ಒಂದಿಷ್ಟು ನೆನಪಿತ್ತು. ಹೆಂಚಿನ ಕೋಣೆ, ಮಾಡಿನಲ್ಲಿ ಗಾಜಿನ ಹೆಂಚು, ಹಿಂದೆ ಪರದೆಗೆ ಮನೆಯದೇ ಬೆಡ್‌ಶೀಟು. ಕರೆಂಟು ನಂಬಿಕೊಂಡು ಫೋಟೋ ತೆಗೆದವರೇ ಅಲ್ಲವಂತೆ. ಲೆನ್ಸು ಎಂಥದಿತ್ತು ಎಂದು ಕೇಳಿದ್ದಕ್ಕೆ ಅವರು ನಕ್ಕರು. ಅದೇನೋ ಗೊತ್ತಿಲ್ಲಪ್ಪ, ಫೋಟೋ ತೆಗೆಯೋಕಿಂತ ಅದನ್ನ ಬಿಚ್ಚಿ ಗಾಜು ಒರೆಸಿ ಮತ್ತೆ ಜೋಡಿಸ್ತಾ ಕೂತಿರೋದೇ ಹೆಚ್ಚಾಗಿತ್ತು ಎಂದರು. ನಾನು ಆ ಮಾತನ್ನು ಅಲ್ಲೇ ಕಾಫಿ ಲೋಟದ ಜೊತೆ ಬಿಟ್ಟು ಬಂದೆ.

ಕೊಪ್ಪಕ್ಕೆ ಹೋದಾಗ ಒಂದು ಅದೃಷ್ಟ ಕಾದಿತ್ತು. ಹಳೇ ಮನೆಯ ನಡುಮನೆಯ ಮಾಡಿನಲ್ಲೂ ಗಾಜಿನ ಹೆಂಚಿತ್ತು. ಬಿಸಿಲು ಏರುವ ಹೊತ್ತಿಗೆ ಅದರ ಕೆಳಗೆ ಸ್ಟೂಲು ಹಾಕಿ, ಗೋಡೆಗೆ ಬೆಡ್‌ಶೀಟು ಕಟ್ಟಿ, ಟ್ರೈಪಾಡನ್ನು ಎದೆಮಟ್ಟಕ್ಕೆ ಇಳಿಸಿದೆ. ಪೆಟ್ಟಿಗೆಯಿಂದ ರಷ್ಯಾದ ಐವತ್ತೆಂಟು ಎಂಎಂ ಲೆನ್ಸು ತಂದಿದ್ದೆ. ಅದಕ್ಕೆ ನಲ್ಲಿಯ ಹಾಗೆ ತಿರುಪಿನ ಮರೆ ಇರುತ್ತದೆ. ಮಧ್ಯೆ ಅಡಾಪ್ಟರ್ ಬಳೆ ಹಾಕಿ ತಿರುಗಿಸಿ ಕ್ಯಾಮೆರಾಕ್ಕೆ ಕೂರಿಸಬೇಕು.

ಆಯಮ್ಮ ಒಗೆದ ಹತ್ತಿ ಸೀರೆ ಉಟ್ಟು ಬಂದು ಕೂತರು. ಎಪ್ಪತ್ತರ ಆಸುಪಾಸು, ಬೆನ್ನು ನೆಟ್ಟಗೆ, ಮಾತು ಇನ್ನೂ ನೆಟ್ಟಗೆ. ಕ್ಯಾಮೆರಾ ಎತ್ತುವ ಮೊದಲೇ ಗಲಾಟೆ ಶುರುವಾಯಿತು. ಆಯಮ್ಮನ ನಾದಿನಿ, ಅಂದರೆ ತೀರಿಹೋದವರ ತಂಗಿ, ಅಲ್ಲೇ ಇದ್ದರು. ಫೋಟೋದಲ್ಲಿ ನಮ್ಮಣ್ಣ ಬದುಕಿದ್ದಾನೆ, ಅವನ ಪಕ್ಕ ನಿಂತವಳು ಮುತ್ತೈದೆ, ಹೂವು ಕುಂಕುಮ ಇಲ್ಲದೆ ಹೇಗೆ ಎಂದು ಅವರು. ಅತ್ತೆ ಈಗ ಹೇಗಿದ್ದಾರೋ ಹಾಗಲ್ಲವಾ ತೆಗೆಯೋದು, ಊರವರು ಏನಂದಾರು ಎಂದು ಸೊಸೆ. ಇಬ್ಬರ ಮಾತೂ ನನಗೆ ಸರಿ ಅನ್ನಿಸಿತು. ಯಾವ ಕಾಲದ ಫೋಟೋ ತೆಗೆಯುತ್ತಿದ್ದೇನೆ ಎಂದು ನನಗೇ ಗೊತ್ತಾಗಲಿಲ್ಲ. ಕೊನೆಗೆ ಆಯಮ್ಮನೇ ಗದರಿದರು.

‘ದಿನಾ ಎಂಗಿರ್ತೀನೋ ಅಂಗೇ ತೆಗಿಯಪ್ಪ. ವೇಸ ಕಟ್ಟಾಕೆ ಇದೇನ್ ನಾಟ್ಕವಾ?’

ದಿನಾ ಇಡುವ ಸಣ್ಣ ಕರಿ ಬೊಟ್ಟಿನಲ್ಲೇ ಕೂತರು. ಫೋಟೋ ತೆಗೆಯಲು ತೊಡಗಿದೆ. ಫೋಕಸ್ ಆದ ಕಡೆಗೆಲ್ಲ ಕ್ಯಾಮೆರಾ ಕೆಂಪು ಗೆರೆ ಎಳೆದು ತೋರಿಸುತ್ತದೆ. ಆ ಕೆಂಪು ಆಯಮ್ಮನ ಕಣ್ಣಿನ ಮೇಲೆ ನಿಲ್ಲುವ ಬದಲು ಸೀರೆಯ ಅಂಚಿಗೆ ಹೋಗಿ ಹೋಗಿ ಕೂರುತ್ತಿತ್ತು. ಪರದೆ ದೊಡ್ಡದು ಮಾಡಿಕೊಂಡು ಕಣ್ಣಿಗೇ ಗುರಿ ಹಿಡಿದರೆ, ಆಯಮ್ಮ ಉಸಿರಾಡಿದಾಗಲೆಲ್ಲ ಮುಖ ಒಂಚೂರು ಮುಂದೆ, ಒಂಚೂರು ಹಿಂದೆ. ಲೆನ್ಸಿನ ಬಾಯಿ ಪೂರ್ತಿ ತೆರೆದಾಗ ಸ್ಪಷ್ಟವಾಗಿ ಬೀಳುವ ಜಾಗ ರಾಗಿ ರೊಟ್ಟಿಯಷ್ಟು ತೆಳ್ಳಗಿರುತ್ತದೆ. ಉಸಿರು ಹಿಡೀರಿ ಅವ್ವ ಅಂದರೆ, ಹಿಡಿದು ಹಿಡಿದು ಸಾಕಾಗಿ, ನೀನು ಫೋಟೋ ತೆಗೀತಿದ್ದೀಯೋ ಜೀವ ತೆಗೀತಿದ್ದೀಯೋ ಎಂದು ಕೇಳಿದರು.

ಸ್ಟುಡಿಯೋಕ್ಕೆ ಬಂದು ನೋಡಿದರೆ ಎಲ್ಲಾ ಮಂಜು. ಅಂಚಲ್ಲ, ಮುಖವೇ ಮಂಜು. ಹಾಲಿನ ಕೆನೆ ಕಟ್ಟಿದ ಹಾಗೆ. ಲೆನ್ಸು ಮಂಜೋ, ನನ್ನ ಕಣ್ಣು ಮಂಜೋ? ಕನ್ನಡಕ ಬದಲಾಯಿಸಿ ಎಂದು ಹೆಂಡತಿ ಬಹಳ ದಿನದಿಂದ ಹೇಳುತ್ತಿದ್ದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ಎಲ್ಲಿ ನನ್ನ ಮೇಲೇ ಬೀಳುತ್ತೋ ಎಂದು ಹೆದರಿ, ಬೇರೆ ಲೆನ್ಸು ಹಾಕಿ ಗೋಡೆಯ ಕ್ಯಾಲೆಂಡರಿಗೆ ಗುರಿ ಹಿಡಿದೆ. ಅಕ್ಷರ ಅಕ್ಷರ ಸ್ಪಷ್ಟ. ಸದ್ಯ ಕಣ್ಣಲ್ಲ. ರಷ್ಯಾದ್ದನ್ನು ಟಾರ್ಚಿಗೆ ಹಿಡಿದು ಒಳಗೆ ಇಣುಕಿದರೆ, ಎರಡು ಗಾಜಿನ ನಡುವೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು.

ಮಂಡ್ಯದಲ್ಲಿ ನನ್ನ ಗೆಳೆಯನೊಬ್ಬ ಕ್ಯಾಮೆರಾ ಮೆಕ್ಯಾನಿಕ್ಕು. ಅವರಪ್ಪನ ಕಾಲದಿಂದ ಅದೇ ಕಸುಬು. ಈಗ ಕ್ಯಾಮೆರಾಕ್ಕಿಂತ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳೇ ಹೆಚ್ಚು ಬರುತ್ತವೆ. ನಾನು ಅವನಿಗೆ ಭಾಯ್ ಅನ್ನುತ್ತೇನೆ, ಅವನು ನನಗೆ ಬಾಯಿಗೆ ಬಂದದ್ದನ್ನೆಲ್ಲ ಅನ್ನುತ್ತಾನೆ. ಅರ್ಜೆಂಟು ಕಣೋ ಎಂದು ಲೆನ್ಸು ಕೊಟ್ಟು ಬಂದೆ. ಬಿಚ್ಚಿ, ಬೂಷ್ಟು ತೆಗೆದು, ಜೋಡಿಸಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿಕೊಟ್ಟ. ಹಾಕಿ ಪರೀಕ್ಷೆ ಮಾಡಿದೆ. ನಡುವೆ ಸ್ಫಟಿಕ. ಅಂಚು ಮಾತ್ರ ಕೆಟ್ಟು ಕೆರ ಹಿಡಿದಿತ್ತು, ಎಲ್ಲ ಎಳೆದಂತೆ, ಹರಿದಂತೆ. ಇವನಿಗೆ ಏನು ಬಂದಿದೆ ರೋಗ ಎಂದು ಬೈದುಕೊಂಡು, ಬೆಳಗ್ಗೆ ಮೊದಲ ಬಸ್ಸಿಗೇ ಮಂಡ್ಯಕ್ಕೆ ಹೊರಟೆ.

ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಪರೀಕ್ಷೆಯ ಫೋಟೋ ಮತ್ತೆ ನೋಡುತ್ತಿದ್ದೆ. ಅದರ ಹಿಂದೆಯೇ ಮಳವಳ್ಳಿಯ ಫೋಟೋದ ಪ್ರತಿ ಇತ್ತು. ಬೆರಳು ತಾಗಿ ಹಿಂದೆ ಮುಂದೆ ಆಯಿತು. ಅಂಚು ಹರಿದ ರೀತಿ ಎರಡರಲ್ಲೂ ಒಂದೇ. ನಾನು ಎದ್ದು ನಿಂತೇಬಿಟ್ಟೆ. ಪಕ್ಕದ ಹೆಂಗಸು ಸ್ಟಾಪ್ ಬಂತೇನೋ ಎಂದುಕೊಂಡು ಅವರೂ ಎದ್ದರು.

ಅಂಗಡಿಯಲ್ಲಿ ಗೆಳೆಯ ಲೆನ್ಸನ್ನು ತಿರುಗಿಸಿ, ಟ್ಯೂಬ್‌ಲೈಟಿನ ಬಿಂಬ ಗಾಜಿನಲ್ಲಿ ಹೇಗೆ ಬೀಳುತ್ತದೆ ಎಂದು ನೋಡಿ, ತಲೆ ಮೇಲೆ ಕೈ ಹೊತ್ತುಕೊಂಡ. ಮುಂದಿನ ಗಾಜನ್ನು ಉಲ್ಟಾ ಕೂರಿಸಿಬಿಟ್ಟಿದ್ದ. ಉಬ್ಬು ಒಳಗೆ, ತಗ್ಗು ಹೊರಗೆ. ಯಾರೋ ಮಿಕ್ಸಿ ತಂದು ತಲೆ ತಿಂತಿದ್ದರು, ಆ ಗಡಿಬಿಡಿಯಲ್ಲಿ ಆಗಿದೆ, ಅರ್ಧ ಗಂಟೆ ಕೂತಿರು ಎಂದು ಆಗಲೇ ಬಿಚ್ಚುವ ಸಾಮಾನು ಕೈಗೆತ್ತಿಕೊಂಡ. ನಾನು ಅವನ ಕೈಯಿಂದ ಲೆನ್ಸು ಕಿತ್ತುಕೊಂಡೆ.

‘ಲೇ, ತಪ್ಪಾಗ್ಬುಟ್ಟದೆ ಕಣ್ಲಾ, ಸರಿ ಮಾಡ್ಕೊಡ್ತೀನಿ ಕೊಡ್ಲಾ.’

‘ಸರಿ ಮಾಡಿದ್ರೆ ಕೆಟ್ಟೋಯ್ತದೆ ಬುಡು ಭಾಯ್.’

ಅವನು ನನ್ನ ಮುಖವನ್ನೇ ನೋಡಿದ. ಮನೇಲಿ ಎಲ್ಲಾ ಚೆನ್ನಾಗವ್ರಾ ಎಂದು ಕೇಳಿದ. ಆಗ ನನಗೆ ಹೋಟೆಲಿನ ಹಿರಿಯರ ಮಾತು ಹೊಳೆಯಿತು. ಮಳವಳ್ಳಿಯವರೂ ಸದಾ ಬಿಚ್ಚಿ ಒರೆಸಿ ಜೋಡಿಸುತ್ತಿದ್ದವರು. ಯಾವತ್ತೋ ಒಂದು ದಿನ ಅವರದೂ ಉಲ್ಟಾ ಕೂತಿರಬೇಕು. ಹೌದೋ ಅಲ್ಲವೋ, ಕೇಳಲು ಅವರಿಲ್ಲ.

ಎರಡನೇ ಸಲ ಕೊಪ್ಪಕ್ಕೆ ಹೋದಾಗ ಎಲ್ಲ ಕೂಡಿಬಂತು. ಅದೇ ಸ್ಟೂಲು, ಅದೇ ಗಾಜಿನ ಹೆಂಚು. ಈ ಸಲ ಲೆನ್ಸಿನ ಬಾಯನ್ನು ಎರಡು ಹಲ್ಲಿನಷ್ಟು ಕಿರಿದು ಮಾಡಿದೆ, ಸ್ಪಷ್ಟ ಬೀಳುವ ಜಾಗ ದಪ್ಪಗಾಯಿತು, ಹಾಗಾಗಿ ಉಸಿರಿನ ತಾಪತ್ರಯ ಇಲ್ಲ. ಫೋಕಸ್ಸನ್ನು ಒಂದು ಕಡೆ ನಿಲ್ಲಿಸಿ, ಬಳೆ ಮುಟ್ಟದೆ, ಆಯಮ್ಮನ ಕಣ್ಣು ತಾನಾಗಿ ಅಲ್ಲಿಗೆ ಬಂದಾಗ ಮಾತ್ರ ಕ್ಲಿಕ್ಕಿಸಿದೆ. ಗುಡ್ಡೆಯಲ್ಲಿ ಚೌಕದ ಚುಕ್ಕೆ ಬಿತ್ತು. ಸ್ಟುಡಿಯೋದಲ್ಲಿ ಕೂತು ಬಣ್ಣ ತೆಗೆದೆ, ಹಳೇ ಫೋಟೋ ಕಾಗದದ ಕಾಳುಕಾಳಾದ ಮೈಯನ್ನು ತಂದೆ, ಹೆಗಲಿಗೆ ಹೆಗಲು ತಾಗಿಸಿ ಕೂಡಿಸಿದೆ. ಬೆಡ್‌ಶೀಟಿನ ನಿರಿಗೆ ಕೂಡ ಒಂದರಿಂದ ಇನ್ನೊಂದಕ್ಕೆ ಹರಿಯಿತು. ಎಲ್ಲಿ ಸೇರಿದೆ ಎಂದು ನಾನೇ ಹುಡುಕಿದೆ, ಸಿಗಲಿಲ್ಲ. ಈ ಕಸುಬಿನಲ್ಲಿ ಅಂಥ ಖುಷಿ ನನಗೆ ಇನ್ನೊಮ್ಮೆ ಆಗಿಲ್ಲ.

ಮನೆಯವರೆಲ್ಲ ಸೇರಿದ್ದಾಗ ಪ್ರಿಂಟು ತೆಗೆದು ತೋರಿಸಿದೆ. ಮಗ ಅದನ್ನು ಬೆಳಕಿಗೆ ಹಿಡಿದ. ಸೊಸೆ ಬಾಗಿ ನೋಡಿದಳು. ನಾದಿನಿ ಕನ್ನಡಕ ಹಾಕಿಕೊಂಡು ನೋಡಿ, ಒಳ್ಳೆಯ ಮನಸ್ಸಿನಿಂದಲೇ, ಏನೂ ಕೆಟ್ಟದ್ದು ಎಣಿಸದೆ ಅಂದುಬಿಟ್ಟರು.

‘ಅಯ್ಯೋ ಅತ್ಗೆ, ನಮ್ಮಣ್ಣ ನಿನ್ ಮಗನಂಗೆ ಕಾಣ್ತಾನಲ್ಲೇ.’

ನಾನು ಪ್ರಿಂಟು ನೋಡಿದೆ. ನೋಡಿದ ಮೇಲೆ ಬೇರೇನೂ ಕಾಣಲೇ ಇಲ್ಲ. ಮೂವತ್ತು ದಾಟದ ಮಗ, ಎಪ್ಪತ್ತರ ತಾಯಿ, ಒಟ್ಟಿಗೆ ಹೋಗಿ ತೆಗೆಸಿದ ಫೋಟೋ. ಲ್ಯಾಬಿನವರದು ಅಂಟಿಸಿದ್ದು ಅಂತ ಗೊತ್ತಾಗುತ್ತಿತ್ತು. ಎರಡು ಫೋಟೋ, ಎರಡು ಕಾಲ, ವಯಸ್ಸಿನ ಮಾತು ಯಾರಿಗೂ ಹೊಳೆದಿರಲಿಲ್ಲ. ನಾನು ಇಬ್ಬರನ್ನೂ ಒಂದೇ ಕೋಣೆಯಲ್ಲಿ, ಒಂದೇ ಬೆಳಗ್ಗೆ ಕೂರಿಸಿಬಿಟ್ಟಿದ್ದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಇಷ್ಟು ದಿನ ಭೂತಗನ್ನಡಿ ಹಿಡಿದು ನೋಡಿದವನಿಗೆ ಕಣ್ಣಿನ ಚುಕ್ಕೆ ಕಂಡಿತು, ಅಂಚು ಕಂಡಿತು, ಮುಖ ಕಾಣಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಆಯಮ್ಮ ಪ್ರಿಂಟನ್ನು ಸ್ಟೂಲಿನ ಮೇಲಿಟ್ಟು ಹಾಲು ಕರೆಯಲು ಕೊಟ್ಟಿಗೆಗೆ ಹೋದರು.

ಬೈಕಿನವರೆಗೂ ಬಂದ ಮಗ, ಅದನ್ನು ಹರಿದು ಹಾಕಿ ಅಣ್ಣ, ಅವ್ವನ ಕಣ್ಣಿಗೆ ಮತ್ತೆ ಬೀಳೋದು ಬೇಡ ಎಂದ. ಕೊಟ್ಟಿಗೆಗೆ ಹೋಗಿ ಗೃಹಪ್ರವೇಶದ ಮಾತು ತೆಗೆದರೆ ಅವ್ವ ಹೂಂ ಇಲ್ಲ ಊಹೂಂ ಇಲ್ಲವಂತೆ. ಅವ್ವನನ್ನು ಹೊರಗೆ ಬಿಟ್ಟು ಹಾಲುಕ್ಕಿಸಿದರೆ ಆ ಮನೆ ಕಟ್ಟಿ ಏನು ಪ್ರಯೋಜನ ಎಂದ.

ಅಲ್ಲಿಂದ ಮುಂದೆ ನಾನು ಮಾಡಿದ್ದೆಲ್ಲ ದಿಕ್ಕುಗಾಣದವನ ಕೆಲಸ. ಮಗನೇ ಫೋನಿನಲ್ಲಿ ಒಂದು ಆ್ಯಪ್ ತೋರಿಸಿದ, ಮುದುಕರನ್ನು ಹರೆಯದವರನ್ನಾಗಿ ಮಾಡುವಂಥದ್ದು. ನನಗೆ ಮನಸ್ಸಿರಲಿಲ್ಲ, ಆದರೂ ಆಯಮ್ಮನ ಫೋಟೋ ಅದಕ್ಕೆ ತುಂಬಿ, ಅದು ಉಗುಳಿದ ಇಪ್ಪತ್ತೈದರ ಹೆಂಗಸನ್ನು ಗಂಡನ ಪಕ್ಕ ಕೂರಿಸಿದೆ. ತುಟಿ ಹೊಳೆಯುತ್ತಿತ್ತು, ಹುಬ್ಬು ತೀಡಿತ್ತು. ತೆಗೆದುಕೊಂಡು ಹೋಗಿ ತೋರಿಸಿದೆವು. ಆಯಮ್ಮ ನೋಡಿದ ಒಂದು ನೋಟಕ್ಕೆ ನಾನೂ ಮಗನೂ ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಸರಿದೆವು.

‘ಯಾವಳ್ಲಾ ಇವ್ಳು, ನನ್ ಗಂಡನ್ ಮಗ್ಗುಲಲ್ಲಿ ನಿಂತಿರೋಳು?’

ಹರೆಯದಲ್ಲಿ ಹೀಗೆ ಇದ್ದಿರಬಹುದು ಅಂತ ಕಂಪ್ಯೂಟರು ಲೆಕ್ಕ ಹಾಕಿ ಮಾಡಿದ್ದು ಅವ್ವ ಎಂದು ನಾನು ತಡವರಿಸಿದೆ. ಕಂಪ್ಯೂಟರು ಯಾವತ್ತು ನನ್ನ ನೋಡಿತ್ತು ಎಂದು ಕೇಳಿದರು. ಆಗ ನಾನು ಗದ್ದೆ ನಾಟಿ ಮಾಡಿ ಕಪ್ಪಗೆ ಕಟ್ಟಿಗೆಯಂತಿದ್ದೆ, ಇವಳ್ಯಾವಳೋ ಬೆಳ್ಳಿಯಂಗೆ ಬೆಳ್ಳಗವಳೆ ಎಂದು ಉರಿದುಬಿದ್ದರು. ಆ ಸಿಟ್ಟಿನಲ್ಲಿ ಅಸೂಯೆ ಇತ್ತು, ಸುಳ್ಳು ಹೇಳಲಾರೆ. ನನಗೆ ನಗು ಬಂದಿತ್ತು, ನುಂಗಿಕೊಂಡೆ.

ಮಾರನೇ ದಿನ ಸ್ಟುಡಿಯೋದಲ್ಲಿ ತಲೆಗೆ ಕೈಕೊಟ್ಟು ಕೂತೆ. ಚೆನ್ನಾಗಿ ಕೂಡಿಸಿದರೆ ತಾಯಿ ಮಗ. ಕೆಟ್ಟದಾಗಿ ಕೂಡಿಸಿದರೆ ಅಂಟಿಸಿದ್ದು. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ. ಕೊನೆಗೆ ನನ್ನ ಕೆಲಸವನ್ನು ನಾನೇ ಕೆಡಿಸುವುದೆಂದು ತೀರ್ಮಾನಿಸಿದೆ. ಒಂದೇ ಕಾಗದದಲ್ಲಿ ಎರಡು ಮೊಟ್ಟೆಯಾಕಾರದ ಕಿಂಡಿ, ಒಂದರಲ್ಲಿ ಗಂಡ, ಇನ್ನೊಂದರಲ್ಲಿ ಹೆಂಡತಿ, ನಡುವೆ ನಾಲ್ಕು ಬೆರಳು ಬಿಳಿ ಜಾಗ. ಬೇರೆ ಬೇರೆ ಕಾಲದ್ದೆಂದು ಯಾರಿಗಾದರೂ ಗೊತ್ತಾಗುತ್ತದೆ. ಮಗನಿಗೆ ಫೋನಿನಲ್ಲಿ ಕಳಿಸಿದೆ, ಇದೇ ಸರಿ ಅಣ್ಣ ಎಂದ. ಪ್ರಿಂಟು ತೆಗೆದು ಬ್ಯಾಗಿಗೆ ಹಾಕುವಾಗ ಮೇಜಿನ ಖಾನೆಯಲ್ಲಿದ್ದ ಮೊದಲಿನದು ಕಾಣಿಸಿತು. ಹರಿದುಹಾಕಿ ಎಂದಿದ್ದ, ಹರಿಯಲು ಮನಸ್ಸು ಬಂದಿರಲಿಲ್ಲ. ಇಷ್ಟು ದಿನ ನಾವೆಲ್ಲ ಮಗನನ್ನು ಕೇಳಿದೆವು, ನಾದಿನಿಯನ್ನು ಕೇಳಿದೆವು, ಫೋನನ್ನೂ ಕೇಳಿದೆವು; ಯಾವುದು ಬೇಕವ್ವ ಎಂದು ಆಯಮ್ಮನನ್ನು ಒಂದು ಸಲವೂ ಕೇಳಿರಲಿಲ್ಲ. ಅದನ್ನೂ ಬ್ಯಾಗಿಗೆ ಹಾಕಿಕೊಂಡೆ.

ಆಯಮ್ಮ ಹಳೇ ಮನೆಯ ಜಗಲಿಯಲ್ಲಿ ಅವರೆಕಾಳು ಹಸನು ಮಾಡುತ್ತಿದ್ದರು. ಎರಡು ಕಿಂಡಿಯ ಫೋಟೋ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತು ನೋಡಿದರು.

‘ಯಾಕಪ್ಪ, ನಾವೇನ್ ಜಗ್ಳ ಆಡಿದ್ದೋ, ಇಂಗೆ ದೂರ ದೂರ ಕುಂಡ್ರಿಸಿದ್ದೀಯಲ್ಲ?’

ಮಗ ನನ್ನ ಮುಖ ನೋಡಿದ. ನಾನು ಬ್ಯಾಗಿಗೆ ಕೈ ಹಾಕಿದೆ. ಅವನು ಬೇಡ ಎಂದು ಕಣ್ಣಲ್ಲೇ ಗದರಿದ, ಆದರೂ ತೆಗೆದು ಕೊಟ್ಟೆ. ಅವ್ವ, ಮೊದಲಿನದೂ ಇದೆ, ಎರಡೂ ಇಲ್ಲೇ ಇವೆ, ನಿಮಗೆ ಯಾವುದು ಬೇಕೋ ನೀವೇ ಹೇಳಿ, ಯಾವುದೂ ಬೇಡ ಅಂದರೂ ಸರಿ ಎಂದೆ. ಆಯಮ್ಮ ಅದನ್ನು ತೆಗೆದುಕೊಂಡು ಒಳಗೆ ಗಾಜಿನ ಹೆಂಚಿನ ಕೆಳಗೆ ಹೋಗಿ ನಿಂತರು. ಸೀರೆಯ ಸೆರಗಿನಿಂದ ಒಂದು ಸಲ ಒರೆಸಿದರು. ಇಲ್ಲಿ ಎಲ್ಲಿ ಅಂಟಿಸಿದ್ದೀಯಾ ಎಂದು ಕೇಳಿದರು. ಇಬ್ಬರ ಹೆಗಲು ಸೇರುವ ಜಾಗದಲ್ಲಿ ಬೆರಳಿಟ್ಟು ತೋರಿಸಿದೆ. ನನಗೆ ಕಾಣಾಕಿಲ್ಲ ಅಂದರು. ಮತ್ತೂ ಎಷ್ಟೋ ಹೊತ್ತು ನೋಡಿ, ಇದನ್ನೇ ಕಟ್ಟು ಹಾಕಿಸು ಎಂದು ಮಗನ ಕೈಗೆ ಕೊಟ್ಟರು.

ಅವನು ಮೆಲ್ಲಗೆ, ಜನ ನಗ್ತಾರೆ ಅವ್ವ ಎಂದ. ನಗ್ಲಿ ಬುಡು, ಅವ್ರ ಹಲ್ಲು ಅವ್ರ ಬಾಯಿ ಎಂದು ಹೇಳಿ ಮತ್ತೆ ಅವರೆಕಾಳಿನ ಮುಂದೆ ಕೂತರು. ನಾದಿನಿಯ ಒಂದು ಮಾತಿಗೆ ಕೊಟ್ಟಿಗೆಗೆ ಎದ್ದು ಹೋಗಿದ್ದವರು ಈಗ ಅದನ್ನೇ ಯಾಕೆ ಬೇಕೆಂದರು? ಬೇಸರದಿಂದಲೋ, ಸಾಕಾಗಿಯೋ, ಮಗನ ಮೇಲಿನ ಕರುಣೆಗೋ? ಬೈಕು ಓಡಿಸುತ್ತಾ ಮದ್ದೂರಿನವರೆಗೂ ಯೋಚಿಸಿದೆ. ಬಗೆಹರಿಯಲಿಲ್ಲ.

ಗೃಹಪ್ರವೇಶಕ್ಕೆ ಕರೆದಿದ್ದರು, ಕ್ಯಾಮೆರಾ ಸಮೇತ ಹೋದೆ. ಆವತ್ತು ಹೊಸ ಲೆನ್ಸೇ ಹಾಕಿದ್ದೆ; ಹಸು ನುಗ್ಗುವಾಗ, ಹಾಲು ಉಕ್ಕುವಾಗ ಬಳೆ ತಿರುಗಿಸುತ್ತಾ ಕೂರಲು ಆಗುತ್ತದೆಯೇ. ಹೊರಡುವ ಮುಂಚೆ ಮತ್ತೊಂದು ಪೇಚು. ಸೊಸೆ ಪಟಕ್ಕೆಂದು ಸೇವಂತಿಗೆ ಹಾರ ತಂದು ನಿಂತಿದ್ದಳು. ತೀರಿಕೊಂಡವರ ಪಟಕ್ಕೆ ಹಾರ ಹಾಕದೆ ಒಳಗೆ ಒಯ್ಯುವುದು ಹೇಗೆ? ಅದೇ ಪಟದಲ್ಲಿ ಬದುಕಿರುವ ಅತ್ತೆಯೂ ಇದ್ದಾರೆ, ಹಾಕುವುದಾದರೂ ಹೇಗೆ? ನಾದಿನಿ ಅರ್ಧಕ್ಕೆ ಮಾತ್ರ ಹಾಕು ಎಂದರು. ಹಾರ ಅರ್ಧಕ್ಕೆ ನಿಲ್ಲಲಿಲ್ಲ, ಜಾರಿ ಜಾರಿ ಬಿತ್ತು. ಪೂಜೆಗೆ ಬಂದಿದ್ದ ಪುರೋಹಿತರನ್ನು ಕೇಳಿದರೆ ಅವರೂ ತಲೆ ಕೆರೆದುಕೊಂಡರು. ಆಯಮ್ಮ ಹಾರವನ್ನು ಸೊಸೆಯ ಕೈಯಿಂದ ತೆಗೆದುಕೊಂಡು ಬಾಗಿಲಿನ ಮೊಳೆಗೆ ಸಿಕ್ಕಿಸಿದರು.

‘ಆಕುದ್ರೆ ನಾನೂ ಸತ್ತಂಗೆ. ಆಕ್ದಿದ್ರೆ ಅವ್ರೂ ಬದ್ಕಿದಂಗೆ. ಆಕ್ಬ್ಯಾಡ.’

ಹಸು ಕರು ಮುಂದೆ ಹೋದವು. ಕಳಶ ಹಿಡಿದು ಮಗ ಸೊಸೆ ಹೋದರು. ಅವರ ಹಿಂದೆ ಆಯಮ್ಮ ಪಟವನ್ನು ಎದೆಗೆ ಒತ್ತಿ ಹಿಡಿದು, ಹೊಸ್ತಿಲ ಮುಂದೆ ನಿಂತು, ಪಟವನ್ನೊಮ್ಮೆ ನೋಡಿಕೊಂಡು ಬಲಗಾಲಿಟ್ಟರು. ನಾನು ಕ್ಲಿಕ್ಕಿಸಿದೆ. ನನ್ನ ಕಣ್ಣು ತುಂಬಿಕೊಂಡಿತ್ತು, ಫೋಕಸ್ಸು ಕ್ಯಾಮೆರಾವೇ ನೋಡಿಕೊಂಡಿತು.

ಪಟವನ್ನು ನಡುಮನೆಯಲ್ಲಿ, ಬಂದವರಿಗೆಲ್ಲ ಎದುರಿಗೇ ಕಾಣುವ ಗೋಡೆಗೆ ತೂಗುಹಾಕಿದರು. ಅದರ ಕೆಳಗೇ ಊಟದ ಸಾಲು. ಆಯಮ್ಮ ಸೆರಗು ಸಿಕ್ಕಿಸಿ ತಾವೇ ಪಾಯಸ ಬಡಿಸುತ್ತಾ ಬಂದರು. ಸೊಸೆಯ ತವರಿನ ಕಡೆಯ ಹೆಂಗಸೊಬ್ಬರು, ಹೊಸಬರು, ಎಲೆಯ ಮುಂದೆ ಕೂತು ತಲೆಯೆತ್ತಿ ಪಟ ನೋಡಿದರು. ಇವರು ನಿಮ್ಮ ದೊಡ್ಡ ಮಗನಾ, ಈಗ ಎಲ್ಲಿದ್ದಾರೆ ಎಂದು ಕೇಳಿದರು. ಸಾಂಬಾರಿನ ಬಕೆಟ್ಟು ಹಿಡಿದಿದ್ದ ಮಗ ಅಲ್ಲೇ ನಿಂತ. ನಾದಿನಿ ತಲೆ ತಗ್ಗಿಸಿದರು. ನನ್ನ ಕೈಯಲ್ಲಿದ್ದ ಕ್ಯಾಮೆರಾ ತಾನಾಗಿ ಕೆಳಗಿಳಿಯಿತು. ಆಯಮ್ಮ ಪಟದ ಕಡೆ ತಿರುಗಿ ನೋಡಿದರು, ಮುಖದಲ್ಲಿ ಒಂದು ಚೂರೂ ಅಳುಕಿರಲಿಲ್ಲ.

‘ನಮ್ಮೆಜಮಾನ್ರು ಕಣವ್ವ. ಇಬ್ರೂ ಜೊತೇಲೇ ಬತ್ತಿದ್ದೋ. ನಾನೇ ವಸಿ ಮುಂದುಕ್ ಬಂದ್ಬುಟ್ಟೆ.’

ಹಾಗೆಂದು ಆಕೆಯ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿ ಮುಂದಿನ ಎಲೆಗೆ ಹೋದರು.